ಅವಸರದ ಗೊಂಬೆ

ನಮ್ಮೂರಲ್ಲಿ ಅವಸರದಲ್ಲಿ ಮಾಡಿದ ಗೊಂಬೆ ಅಳುತ್ತದೆ. ಹೊರಗಿನಿಂದ ಬಂದವರಿಗೆ ಇದು ದೊಡ್ಡ ಸೋಜಿಗ, ನಮಗೆ ಹಾಲು ಉಕ್ಕಿದಷ್ಟೇ ಸಹಜ. ಯಾವುದಾದರೂ ಮನೆಯೊಳಗಿಂದ ಅಳು ಕೇಳಿದರೆ ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಕಿವಿಗೊಡುತ್ತಾರೆ. ಮಗುವಿನ ಅಳುವಾದರೆ ನಡುನಡುವೆ ಉಸಿರೆಳೆದುಕೊಳ್ಳುತ್ತದೆ. ಗೊಂಬೆಯದಕ್ಕೆ ಉಸಿರಿನ ಹಂಗಿಲ್ಲ, ಒಂದೇ ಎಳೆಯಾಗಿ ಸಾಗುತ್ತದೆ. "ಪಾಪ, ಯಾರೋ ಕಣ್ಣು ಬೇಗ ಬರೆದುಬಿಟ್ಟವ್ರೆ" ಎಂದು ಹೇಳಿಕೊಂಡು ತಮ್ಮ ದಾರಿ ಹಿಡಿಯುತ್ತಾರೆ.

ಗೊಂಬೆ ಮಾಡದೆ ಇರುವ ಹಾಗೂ ಇಲ್ಲ. ಬರಿದು ತೊಟ್ಟಿಲು ತೂಗಬಾರದೆಂದು ಎಲ್ಲ ಊರುಗಳಲ್ಲೂ ಹೇಳುತ್ತಾರಂತೆ. ನಮ್ಮೂರಲ್ಲಿ ಬರಿದು ತೊಟ್ಟಿಲು ಇರಲೂಬಾರದು. ಬಸುರಿಗೆ ಏಳು ತುಂಬಿದಾಗ ತೊಟ್ಟಿಲು ಕಟ್ಟುತ್ತೇವೆ, ಮಗು ಬರುವವರೆಗೆ ಅದರಲ್ಲೊಂದು ಗೊಂಬೆ ಮಲಗಿರಬೇಕು. ಆ ಗೊಂಬೆಯನ್ನು ತವರಿನ ಹೆಂಗಸೇ ಕೈಯಾರೆ ಮಾಡಬೇಕು, ಕೊಂಡು ತರುವಂತಿಲ್ಲ. ಎರಡು ಚುಕ್ಕೆ ಕಣ್ಣು, ಒಂದು ಗೆರೆ ಬಾಯಿ ಬರೆದ ಬಟ್ಟೆಯ ಉಂಡೆ ನಡೆಯುವುದಿಲ್ಲ. ಎತ್ತಿಕೊಂಡರೆ ತೋಳಿಗೆ ಮಗುವಿನ ಭಾರ ಬರಬೇಕು, ಕೈ ಕೊಡದಿದ್ದರೆ ಕತ್ತು ಹಿಂದಕ್ಕೆ ಬೀಳಬೇಕು, ಹಣೆಯ ಪಕ್ಕದಲ್ಲಿ ನೀಲಿ ನರ ಕಾಣಬೇಕು. ಚೊಚ್ಚಲ ಬಸುರಿ ಅದನ್ನು ಎತ್ತಿ, ಇಳಿಸಿ, ತಟ್ಟಿ, ಕೈ ಪಳಗಿಸಿಕೊಳ್ಳುತ್ತಾಳೆ. ಮಗು ಬಂದ ದಿನ ಗೊಂಬೆ ತೊಟ್ಟಿಲಿನ ಕಾಲ ಬದಿಗೆ ಸರಿದು ಜಾಗ ಬಿಡುತ್ತದೆ.

ಇಂಥ ಊರಲ್ಲಿ ನಾನು ಬಸ್ ಕಂಡಕ್ಟರು. ಹೆಸರು ಜಯಶೀಲ, ಕರೆಯುವುದು ಕಂಡಕ್ಟ್ರಕ್ಕ. ಊರೆಲ್ಲ ನಿಧಾನವಾಗಿದ್ದರೆ ಅವರನ್ನು ಹೊತ್ತುಕೊಂಡು ತಿರುಗುವ ಒಬ್ಬಳಾದರೂ ಚುರುಕಾಗಿರಬೇಕಲ್ಲ? ಅಜ್ಜಂದಿರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಇನ್ನೊಂದರ ಬಗ್ಗೆ ಯೋಚನೆ ಮಾಡುತ್ತಿರುವಾಗಲೇ ನಾನು "ರೈಟ್" ಅಂದುಬಿಡುವವಳು. ಕಾಫಿ ಆರುವವರೆಗೆ ಕಾದವಳಲ್ಲ, ನಾಲಗೆ ಸುಟ್ಟುಕೊಂಡೇ ಕುಡಿದವಳು. ಮದುವೆಗೂ ನನಗೂ ಹೊಂದಲಿಲ್ಲ. ನೋಡಲು ಬಂದವರು ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ "ಒಪ್ಪಿಗೆ ಇದೆಯೋ ಇಲ್ವೋ ಹೇಳಿ, ನನಗೆ ಡ್ಯೂಟಿ ಇದೆ" ಅಂದಿದ್ದೆನಂತೆ. ನಮ್ಮ ಬಸ್ಸಿನ ಡ್ರೈವರು ಗುರುಸಿದ್ದ ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಬಸ್ಸಿನೊಳಗೆ ಅವನ ತಲೆಯ ಮೇಲೆಯೇ 'ಅವಸರವೇ ಅಪಘಾತಕ್ಕೆ ಕಾರಣ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದು ಅವನಿಗೆ ಬರೆದದ್ದೆಂದು ನಾನು ತಿಳಿದುಕೊಂಡಿದ್ದೆ.

ನನ್ನ ತಂಗಿ ನಾಗವೇಣಿ ಬಸುರಿಯಾದಾಗ ತವರು ಎಂದು ಅವಳಿಗೆ ಉಳಿದಿದ್ದವಳು ನಾನೊಬ್ಬಳೇ. ಇದಕ್ಕೆ ಮುಂಚೆ ಒಂದು ಸಲ ಬಸುರಿಯಾಗಿದ್ದಳು. ಆಗ ಅಮ್ಮ ಇದ್ದಳು, ಚಿನ್ನದಂಥ ಗೊಂಬೆ ಮಾಡಿಕೊಟ್ಟಿದ್ದಳು. ತೊಟ್ಟಿಲಲ್ಲಿ ಗೊಂಬೆ ಮಲಗಿತು, ಮಗು ಉಳಿಯಲಿಲ್ಲ. ಗೊಂಬೆಯನ್ನು ತೊಟ್ಟಿಲಿಂದ ಎತ್ತಲು ವೇಣಿ ಬಹಳ ದಿನ ಯಾರಿಗೂ ಬಿಡಲಿಲ್ಲ. ಅಮ್ಮ ತೀರಿಕೊಂಡಾಗ ಅವಳೇ ಅದನ್ನು ತಂದು ಅಮ್ಮನ ಪಕ್ಕದಲ್ಲಿಟ್ಟು ಕಳಿಸಿದಳು. ಈಗ ಮತ್ತೆ ಬಸುರಿ ಎಂದಾಗ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಈ ಸಲ ಗೊಂಬೆ ನೀನೇ ಮಾಡ್ಬೇಕು. ಅಳದೇ ಇರೋದು ಮಾಡು. ನಂಗೆ ಅಳು ಕೇಳೋ ಶಕ್ತಿ ಇಲ್ಲ" ಅಂದಳು. ನಾನು, "ಅದೇನು ಮಹಾ, ಬಿಡು" ಅಂದೆ.

ಒಂದು ಭಾನುವಾರ ರಜೆ ಇತ್ತು. ಬೆಳಿಗ್ಗೆ ಪೇಟೆಗೆ ಹೋಗಿ ರಬ್ಬರಿನ ಬೋಳು ತಲೆ, ಕೈ, ಕಾಲುಗಳ ಕಟ್ಟು ತಂದೆ. ಒಂದು ದಿಂಬಿನ ಹೊದಿಕೆ ಕತ್ತರಿಸಿ ಮೈ ಹೊಲಿದು, ಡಬ್ಬದಲ್ಲಿದ್ದ ಅಕ್ಕಿ ಸುರಿದೆ. ಗುಲಾಬಿ ಬಣ್ಣ ಒಂದೇ ಸಲಕ್ಕೆ ದಪ್ಪವಾಗಿ ಬಳಿದೆ. ಕೂದಲು ಒಂದೊಂದೇ ನೆಡಬೇಕೆಂದು ಗೊತ್ತಿತ್ತು, ಆದರೆ ಗೊಂಡೆ ಗೊಂಡೆಯಾಗಿ ಅಂಟಿಸಿದರೆ ಯಾರಿಗೆ ತಿಳಿಯುತ್ತದೆ? ಸಂಜೆ ಕಾಫಿ ಹೊತ್ತಿಗೆ ಮುಗಿದೇಹೋಯಿತು. ಕಡೇ ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದೆ ನೋಡಿ, ಬಾಯಿ ಹತ್ತಿರವಿದ್ದ ಹಾಗೆಯೇ ಕಿವಿಗೆ ಹೊಡೆದ ಹಾಗೆ ಅಳು ಶುರುವಾಯಿತು.

ಅಳುವ ಗೊಂಬೆಗೆ ನಮ್ಮೂರಲ್ಲಿ ಒಂದು ಉಪಾಯವಿದೆ. ಯಾವ ಜಾಗದಲ್ಲಿ ಅವಸರವಾಗಿದೆಯೋ ಅಲ್ಲಿ ಬೆರಳಿಟ್ಟರೆ ಅಳು ನಿಲ್ಲುತ್ತದೆ. ಆಮೇಲೆ ಆ ಜಾಗ ಬಿಚ್ಚಿ ಸರಿಮಾಡಿದರೆ ಆಯಿತು. ನಾನು ಹುಬ್ಬಿನ ಮೇಲೆ ಬೆರಳಿಟ್ಟೆ, ನಿಲ್ಲಲಿಲ್ಲ. ಮೂಗು, ಕಿವಿ, ಹೊಕ್ಕಳು, ಹಿಮ್ಮಡಿ, ಎಲ್ಲ ಕಡೆ ಇಟ್ಟೆ. ನಿಲ್ಲಲಿಲ್ಲ. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಕಂಡಕ್ಟ್ರಕ್ಕಾ, ನಿಮ್ಮನೇಲಿ ಮಗು ಅಳ್ತಿದೆ!" ಎಂದು ಕೂಗಿ ಕಿಸಕ್ಕನೆ ನಕ್ಕರು.

ಮಾರನೆಯ ದಿನ ಡ್ಯೂಟಿಗೆ ಹೋಗುವಾಗ ಗೊಂಬೆಯನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ನಮ್ಮ ಬಸ್ಸಿನ ಕೊನೇ ಸ್ಟಾಪಿನ ಹತ್ತಿರ ತಿರುಮಲಜ್ಜಿ ಇದ್ದಳು, ಗೊಂಬೆ ಕೆಲಸದಲ್ಲಿ ಅಮ್ಮನಿಗೇ ಕೈಹಿಡಿದು ಕಲಿಸಿದವಳು. ಅಲ್ಲಿಗೆ ಮುಟ್ಟುವವರೆಗೆ ಆದ ಫಜೀತಿ ಕೇಳಬೇಡಿ. ಟಿಕೆಟ್ ಹರಿಯುವುದೋ ಅದನ್ನು ಹಿಡಿದುಕೊಳ್ಳುವುದೋ? ಒಬ್ಬಾಕೆ, "ಅರ್ಧ ಟಿಕೆಟ್ ತಗೊಂಡ್ಯೇನಮ್ಮಾ ಅದಕ್ಕೆ?" ಅಂದಳು. ಇನ್ನೊಬ್ಬರು ಎದ್ದು ನನಗೇ ಸೀಟು ಬಿಟ್ಟುಕೊಟ್ಟರು. ಗುರುಸಿದ್ದ ಬಸ್ಸನ್ನು ಬದಿಗೆ ನಿಲ್ಲಿಸಿ ಹಿಂದಕ್ಕೆ ತಿರುಗಿ, "ಮೊದ್ಲು ಅದನ್ನ ಸಮಾಧಾನ ಮಾಡ್ರೀ. ನನಗೆ ಹಾರನ್ನೇ ಕೇಳಿಸ್ತಿಲ್ಲ" ಎಂದ. ಸಿಟ್ಟು ಬಂದು ಎರಡೂ ತೋಳಿನಿಂದ ಗೊಂಬೆಯನ್ನು ಎದೆಗೆ ಗಟ್ಟಿಯಾಗಿ ಒತ್ತಿಕೊಂಡೆ. ತಟ್ಟನೆ ನಿಂತಿತು. ತೋಳು ಸಡಿಲಿಸಿದೆ, ಶುರುವಾಯಿತು. ಆ ಟ್ರಿಪ್ಪಿನಲ್ಲಿ ಜನ ತಾವೇ ಚಿಲ್ಲರೆ ತೆಗೆದು ನನ್ನ ಚೀಲಕ್ಕೆ ಹಾಕಿ, ತಾವೇ ಟಿಕೆಟ್ ಹರಿದುಕೊಂಡರು.

ತಿರುಮಲಜ್ಜಿ ಜಗುಲಿಯ ಮೇಲೆ ಕಾಲು ಚಾಚಿ ಕೂತು ಗೊಂಬೆಯೊಂದಕ್ಕೆ ಕಣ್ಣರೆಪ್ಪೆ ನೆಡುತ್ತಿದ್ದಳು. ನನ್ನದನ್ನು ಈಸಿಕೊಂಡು, ಅಳುತ್ತಿರುವಂತೆಯೇ ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಕಡೆ ಅಕ್ಕಿ ಹೆಚ್ಚಾಗಿ ವಾಲಿತ್ತು. "ಎಷ್ಟ್ ಹೊತ್ತಲ್ಲಿ ಮಾಡ್ದೆ?" ಎಂದಳು.

"ಒಂದೇ ದಿನ ಅಜ್ಜಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಎಲ್ಲಿ ಬೆರಳಿಟ್ರೂ ನಿಲ್ತಿಲ್ಲವಾ?"

"ಇಲ್ಲ. ತಬ್ಕೊಂಡ್ರೆ ಮಾತ್ರ ಸುಮ್ನಾಗುತ್ತೆ."

"ನಿಲ್ಲೋದೆಲ್ಲಿಂದ ಬಂತು, ಉಂಗುಷ್ಠದಿಂದ ನೆತ್ತಿವರೆಗೆ ಬರೀ ಅವಸರಾನೇ ತುಂಬಿದ್ದೀಯ. ಇದರ ಮೈಗೆಲ್ಲ ಬೆರಳಿಡೋಕೆ ನಿನ್ನತ್ರ ಅಷ್ಟು ಬೆರಳಿದ್ದಾವೇನೆ?" ಎಂದು ನಕ್ಕು ಅದನ್ನು ನನ್ನ ತೋಳಿಗೇ ವಾಪಸು ಹಾಕಿದಳು. ಬಿಚ್ಚಿ ಸರಿ ಮಾಡಿಕೊಡು ಎಂದರೆ ಒಪ್ಪಲಿಲ್ಲ. "ಇದನ್ನ ಸರಿ ಮಾಡೋಷ್ಟು ಕೈ ನಿಂಗೆ ಇನ್ನೂ ಬಂದಿಲ್ಲ. ಇದು ಹಿಂಗೇ ಇರ್ಲಿ. ಇನ್ನೊಂದು ಶುರು ಮಾಡು. ಕೂರೋಕೆ ಮುಂಚೆ ದಿನಾ ಇದನ್ನ ಎತ್ಕೊ, ಅದು ಸಾಕು ಅನ್ನೋವರೆಗೂ ಎತ್ಕೊ. ಆಮೇಲೆ ಕೆಲಸಕ್ಕೆ ಕೈ ಹಾಕು."

"ಅಜ್ಜಿ, ಏಳನೇ ತಿಂಗಳಿಗೆ ಆಗ್ಬೇಕು!"

"ಏಳಕ್ಕೆ ಆಗದಿದ್ರೆ ಎಂಟಕ್ಕೆ ಆಗುತ್ತೆ. ಅರ್ಧಂಬರ್ಧ ಇದ್ರೆ ಅರ್ಧಂಬರ್ಧವೇ ಮಲಗ್ಸು. ಅರೆಬರೆಯಾದದ್ದು ಅಳಲ್ಲ ಕಣೇ, ಅವಸರ ಮಾಡಿದ್ದು ಅಳುತ್ತೆ. ಎರಡೂ ಬೇರೆ."

ಹಾಗೆ ಶುರುವಾಯಿತು ನನ್ನ ಶಿಕ್ಷೆ. ಮೊದಲನೆಯ ಗೊಂಬೆಗೆ ನನ್ನ ಮನೆಯ ಟ್ರಂಕಿನಲ್ಲಿ ಕಂಬಳಿಯ ಮೂರು ಸುತ್ತಿನೊಳಗೆ ಜಾಗವಾಯಿತು. ಅಲ್ಲಿಂದಲೂ ಸಣ್ಣಗೆ ಕುಂಯ್‌ಗುಡುತ್ತಿತ್ತು. ಡ್ಯೂಟಿ ಮುಗಿಸಿ ಬಂದೊಡನೆ ಅದನ್ನು ತೆಗೆದು ಎದೆಗೊತ್ತಿಕೊಂಡು ಕೂರಬೇಕು. ಎರಡೂ ಕೈ ಕಟ್ಟಿಹಾಕಿದ ಹಾಗೆ. ಕಾಫಿ ಮುಂದೆಯೇ ಆರುತ್ತಿದ್ದರೂ ಲೋಟ ಎತ್ತುವ ಹಾಗಿಲ್ಲ, ಸೊಳ್ಳೆ ಕೂತರೂ ಹೊಡೆಯುವ ಹಾಗಿಲ್ಲ. ಮೊದಮೊದಲು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಬೇರೇನೂ ಮಾಡಲಿಕ್ಕಿಲ್ಲದಿದ್ದಾಗ ಕಣ್ಣು ಎಲ್ಲಿಗೆ ಹೋಗಬೇಕು? ಗೋಡೆಯ ಮೇಲೆ ಸಂಜೆಯ ಬಿಸಿಲು ಕ್ಯಾಲೆಂಡರಿನಿಂದ ಕನ್ನಡಿಯವರೆಗೆ ಸರಿಯುವುದನ್ನು ನೋಡಿದೆ. ಇಷ್ಟು ವರ್ಷ ಆ ಮನೆಯಲ್ಲಿದ್ದು ಅಲ್ಲಿಗೆ ಬಿಸಿಲು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಎರಡನೆಯ ಗೊಂಬೆಯ ಕೆಲಸ. ಮೊದಲನೆಯ ಪಾಠ ಬಣ್ಣದ್ದಲ್ಲ, ನೋಡುವುದರದ್ದು. "ನಿಂಗೆ ಬಸ್ಸಿದೆ, ಬಸ್ಸಲ್ಲಿ ಮಕ್ಕಳಿದಾವೆ. ನೋಡ್ಕೊಂಡ್ ಬಾ ಹೋಗು" ಎಂದು ಅಜ್ಜಿ ಓಡಿಸಿದಳು. ಅಲ್ಲಿಯವರೆಗೆ ಬಸ್ಸಿನಲ್ಲಿ ಕೂಸು ಎಂದರೆ ನನಗೆ ತಾಯಿಯ ಸೀಟಿನಲ್ಲಿ ಸ್ವಲ್ಪ ಜಾಸ್ತಿ ಜಾಗ ತಿನ್ನುವ ಒಂದು ಗಂಟು. ಈಗ ಬಗ್ಗಿ ನೋಡಿದೆ. ಎಳೆಯ ಕಿವಿಯ ಅಂಚು ಒಳಕ್ಕೆ ಮಡಚಿರುತ್ತದೆ. ಹಾಲು ಚೀಪಿ ಚೀಪಿ ಮೇಲ್ದುಟಿಯ ನಡುವೆ ಸಣ್ಣದೊಂದು ಗುಳ್ಳೆ ಎದ್ದಿರುತ್ತದೆ. ಉಗುರು ಬೆರಳಿಗಿಂತ ಒಂದು ಕೂದಲೆಳೆ ಮುಂದಿರುತ್ತದೆ. ಮುಷ್ಟಿಯೊಳಗೆ ಎಲ್ಲಿಂದಲೋ ಬಂದ ನೂಲಿನ ಎಳೆ ಇದ್ದೇ ಇರುತ್ತದೆ. ನಮ್ಮೂರ ತಾಯಂದಿರಿಗೆ ಇದೇನೂ ಹೊಸದಲ್ಲ. ಕಂಡಕ್ಟ್ರಕ್ಕ ಹೀಗೆ ಬಗ್ಗಿ ನಿಂತಳೆಂದರೆ, "ಯಾರಿಗಕ್ಕ ಗೊಂಬೆ? ತಂಗಿಗಾ? ತಗೊಳ್ಳಿ, ಪಾದಾನೂ ನೋಡ್ಕೊಳ್ಳಿ" ಎಂದು ಕುಲಾವಿ, ಕಾಲುಚೀಲ ಬಿಚ್ಚಿ ತೋರಿಸುವರು. ಬಸ್ಸು ತಡವಾಗುತ್ತಿತ್ತು. ತಡವಾಯಿತೆಂದು ನಮ್ಮೂರಲ್ಲಿ ಯಾರೂ ಬಯ್ಯುವುದಿಲ್ಲ. ಬಯ್ಯುತ್ತಿದ್ದವಳು ನಾನೊಬ್ಬಳೇ.

ಬಣ್ಣ ಗಂಜಿತಿಳಿಯಷ್ಟು ತೆಳುವಾಗಿರಬೇಕು. ಒಂದು ಕೈ ಬಳಿದರೆ ಏನೂ ಕಾಣುವುದಿಲ್ಲ. ಅದೇ ನನ್ನ ಪ್ರಾಣ ತಿಂದ ಸಂಗತಿ, ಕೆಲಸ ಮಾಡಿದ್ದೂ ಕಾಣುವುದಿಲ್ಲವೆಂದರೆ! ಬಳಿದ ಮೇಲೆ ಬಣ್ಣ ಕೂರಲು ಶಾಖ ಕೊಡಬೇಕು. ಅದಕ್ಕೆ ಮಸ್ತಾನ್ ಸಾಬರ ಬೇಕರಿ. ಬನ್ನುಗಳೆಲ್ಲ ಹೊರಬಂದ ಮೇಲೆ ಒಲೆಯಲ್ಲಿ ಉಳಿಯುವ ಹದವಾದ ಬಿಸಿಗೆ ಊರಿನ ಗೊಂಬೆಗಳ ತಲೆ, ಕೈಕಾಲುಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ಒಳಕ್ಕೆ ತಳ್ಳುತ್ತಾರೆ. ರಸ್ಕು ಕೊಳ್ಳಲು ಬಂದವರು ಇಣುಕಿ, "ಇವತ್ತು ಯಾರ ಮನೆ ತಲೆ ಸಾಬ್ರೇ?" ಎಂದು ವಿಚಾರಿಸುತ್ತಾರೆ. ನಾನು ಮೊದಲನೆಯ ದಿನ, "ಒಂದೇ ಸಲಕ್ಕೆ ಜೋರು ಬೆಂಕಿ ಕೊಡಿ ಸಾಬ್ರೇ, ಮುಗಿದ್ಹೋಗ್ಲಿ" ಎಂದೆ. ಅವರು ಗಡ್ಡ ಸವರಿಕೊಂಡು, "ಅಮ್ಮಾ, ಜೋರು ಬೆಂಕಿಗೆ ಬನ್ನು ಹೊರಗೆ ಕರಿ, ಒಳಗೆ ಹಸಿ. ಮಕ್ಕಳದೂ ಹಂಗೇ" ಎಂದರು. ಹೊರಗೆ ಬಂದ ತಲೆಗೆ ಬನ್ನಿನ ವಾಸನೆ. ಮನೆಗೆ ಒಯ್ದು ಮತ್ತೆ ಒಂದು ಕೈ. ಮಾರನೆಯ ದಿನ ಮತ್ತೆ ಬೇಕರಿ. ಒಮ್ಮೆ ಕೆಂಪು, ಒಮ್ಮೆ ನೀಲಿ, ಒಮ್ಮೆ ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ತಟ್ಟಿದ ಕಂದು. ಹೀಗೆ ಹೋಗಿ ಬಂದು ಹೋಗಿ ಬಂದು, ಒಂದು ಸಂಜೆ ತಟ್ಟೆ ಹೊರಗೆಳೆದಾಗ ಆ ಬನ್ನು ತಟ್ಟೆಯಲ್ಲಿ ಒಂದು ಕೆನ್ನೆ ಇತ್ತು. ಬಣ್ಣವಲ್ಲ, ಕೆನ್ನೆ. ಚರ್ಮದ ಕೆಳಗೆ ರಕ್ತ ಓಡಾಡುತ್ತಿರುವ ಕೆನ್ನೆ. ನಾನು ಯಾವಾಗ ಅದನ್ನು ಮಾಡಿದೆನೆಂದು ನನಗೇ ತಿಳಿಯಲಿಲ್ಲ. ಮಸ್ತಾನ್ ಸಾಬರು, "ಹ್ಞಾಂ" ಎಂದಷ್ಟೇ ಹೇಳಿ ನನಗೊಂದು ಬಿಸಿ ಬನ್ನು ಕೊಟ್ಟರು. ಅವತ್ತು ನಾನು ಆ ಬನ್ನನ್ನು ಆರಲು ಬಿಟ್ಟು, ಅಗಿದು, ರುಚಿ ನೋಡಿ ತಿಂದೆ.

ಅಲ್ಲಿಂದ ಮುಂದೆ ಶಿಕ್ಷೆ ಶಿಕ್ಷೆಯಾಗಿ ಉಳಿಯಲಿಲ್ಲ. ರಾಗಿ ಹುರಿದು ಆರಿಸಿ ಮೈಗೆ ತುಂಬುವಾಗ ಹಿಡಿ ಹಿಡಿಗೂ ಎತ್ತಿ ತೂಗಿ ನೋಡುವುದು ಒಂದು ಸುಖ. ಮೇಕೆಮರಿಯ ನವುರು ಕೂದಲನ್ನು ಸೂಜಿಯ ತುದಿಯಿಂದ ಒಂದೊಂದೇ ನೆಡುವುದು ಇನ್ನೂ ದೊಡ್ಡ ಸುಖ. ಸೂಜಿ ಒಳಕ್ಕೆ ಹೋಗುವಾಗ 'ಟಿಕ್' ಎನ್ನುವ ಒಂದು ಸದ್ದು, ಅದು ಬಿಟ್ಟರೆ ಏನೂ ಇಲ್ಲ. ನೆತ್ತಿಯ ಸುಳಿ ಒಂದು ಸಲ ತಪ್ಪು ದಿಕ್ಕಿಗೆ ತಿರುಗಿತು. ಅಷ್ಟನ್ನೂ ಕಿತ್ತು ಮತ್ತೆ ನೆಟ್ಟೆ, ಬೇಸರವೇ ಆಗಲಿಲ್ಲ. ಒಂದು ಬೆಳಿಗ್ಗೆ ಉಗುರಿನ ತುದಿಗೆ ಬಿಳಿ ಗೆರೆ ಎಳೆಯುತ್ತ ಕೂತಿದ್ದವಳಿಗೆ ಹೊರಗೆ ಹಾರನ್ ಮೊಳಗಿದ್ದು ಕೇಳಿಸಿತು. ಬಾಗಿಲಿಗೆ ಬಂದರೆ ಬಸ್ಸು ನಮ್ಮ ಮನೆ ಮುಂದೆಯೇ ನಿಂತಿದೆ, ಗುರುಸಿದ್ದ ತಲೆ ಹೊರಗೆ ಹಾಕಿದ್ದಾನೆ, ಜನ ಕಿಟಕಿಯಿಂದ ನೋಡುತ್ತಿದ್ದಾರೆ. "ಕಂಡಕ್ಟ್ರಕ್ಕ, ಮೊದಲನೇ ಟ್ರಿಪ್ಪು ನೀವಿಲ್ದೇ ಆಯ್ತು. ಎರಡನೇದಕ್ಕಾದ್ರೂ ಬರ್ತೀರಾ?" ಎಂದ. "ಹೆಬ್ಬೆರಳೊಂದು ಉಳಿದಿದೆ, ತಡಿ" ಎಂದೆ. ಬಸ್ಸಿಗೆ ಬಸ್ಸೇ ಕಾಯಿತು.

ಸಂಜೆ ಹೊತ್ತು ಮೊದಲನೆಯ ಗೊಂಬೆಯನ್ನು ಎತ್ತಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಈಗ ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ವಾಲಿದ ಮೈ, ದಪ್ಪ ಗುಲಾಬಿ ಬಣ್ಣ, ಗೊಂಡೆ ಕೂದಲು, ಹೆತ್ತವರಿಗೂ ಬೇಡವೆನಿಸುವ ರೂಪು. ಆದರೂ ಟ್ರಂಕಿನಿಂದ ತೆಗೆದು ತಬ್ಬಿಕೊಂಡೊಡನೆ ಸುಮ್ಮನಾಗುತ್ತಿತ್ತಲ್ಲ, ಆ ಸುಮ್ಮನಾಗುವುದು ನನ್ನಿಂದ ಎಂದುಕೊಂಡರೆ ಎದೆ ತುಂಬಿ ಬರುತ್ತಿತ್ತು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು. ನಲವತ್ತು ದಾಟಿದ ಹೆಂಗಸು ಒಂದು ಅಕ್ಕಿಮೂಟೆಯನ್ನು ಪ್ರೀತಿಸುವುದೇ ಎಂದು ನೀವು ನಗಬಹುದು, ನಗಿ.

ವೇಣಿಯ ತೊಟ್ಟಿಲು ಕಟ್ಟುವ ದಿನಕ್ಕೆ ಗೊಂಬೆ ಮುಗಿದಿರಲಿಲ್ಲ. ತಲೆಯ ಹಿಂಭಾಗ ಬೋಳು, ಒಂದು ಹುಬ್ಬು ಮಾತ್ರ ಬರೆದಿತ್ತು. ಹಾಗೆಯೇ ಮಲಗಿಸಿದೆವು. ಅದು ತುಟಿ ಪಿಟಕ್ಕೆನ್ನಲಿಲ್ಲ. ವೇಣಿ ಎತ್ತಿಕೊಂಡಾಗ ಕತ್ತು ಹಿಂದಕ್ಕೆ ಬೀಳಲು ಹೋಯಿತು, ಅವಳು ಗಾಬರಿಯಿಂದ ಅಂಗೈ ಕೊಟ್ಟಳು. "ಅಕ್ಕಾ, ಇದಕ್ಕೆ ಬನ್ನಿನ ವಾಸನೆ!" ಎಂದು ನಕ್ಕಳು. ಎಷ್ಟೋ ಕಾಲವಾಗಿತ್ತು ಅವಳ ನಗು ಕೇಳಿ. ಉಳಿದ ಕೂದಲನ್ನು ನಾನು ಅವಳ ಮನೆಯಲ್ಲೇ, ತೊಟ್ಟಿಲ ಪಕ್ಕ ಕೂತು ದಿನಕ್ಕಿಷ್ಟು ನೆಡುತ್ತಿದ್ದೆ.

ಮಗು ಕಾಯಲಿಲ್ಲ. ಒಂಬತ್ತು ತುಂಬಲು ಇನ್ನೂ ಬಹಳ ದಿನವಿರುವಾಗಲೇ ನೋವು ಬಂತು, ಆಸ್ಪತ್ರೆಗೆ ಒಯ್ದೆವು. ಹೆಣ್ಣುಮಗು, ನನ್ನ ಮೊಳಕೈಯಷ್ಟು ಉದ್ದ. ಹುಟ್ಟಿದಾಗ ಒಂದು ಸಲ ಕೀರಲು ದನಿ ತೆಗೆದಿತ್ತಂತೆ, ಆಮೇಲೆ ಇಲ್ಲ. ಕೆಲವು ದಿನ ಅಲ್ಲಿ ಇಟ್ಟುಕೊಂಡು, ಉಸಿರಾಟ ಚೆನ್ನಾಗಿದೆ, ಮೈಶಾಖ ನಿಲ್ಲುತ್ತಿದೆ ಎಂದು ಮನೆಗೆ ಕಳಿಸಿದರು. ಒಂದೇ ಕೊರತೆ. ಅದು ಅಳುತ್ತಿರಲಿಲ್ಲ. ಅಳುತ್ತಿರಲಿಲ್ಲವಾದ್ದರಿಂದ ಏಳುತ್ತಿರಲಿಲ್ಲ, ಏಳದೆ ಹಾಲು ಕುಡಿಯುತ್ತಿರಲಿಲ್ಲ. ಒಳಲೆಯಲ್ಲಿ ಬಾಯಿಗೆ ಬಿಟ್ಟ ಹಾಲು ಅರ್ಧ ಒಳಕ್ಕೆ, ಅರ್ಧ ಕೆನ್ನೆಯ ಮೇಲೆ. ದಿನಾ ಬಂದು ನೋಡುತ್ತಿದ್ದ ನರ್ಸಮ್ಮ ಮಗುವಿನ ಅಂಗಾಲು ತಟ್ಟಿ, ಕಿವಿ ಉಜ್ಜಿ, ಸೋತು, "ಹಸಿವಾಗಿ ಒಂದ್ಸಲ ಗಟ್ಟಿಯಾಗಿ ಅತ್ತುಬಿಟ್ರೆ ಸಾಕಿತ್ತು. ಆಮೇಲೆ ತಾನೇ ದಾರಿಗೆ ಬರ್ತದೆ. ನಾಳೆ ಬೆಳಿಗ್ಗೆವರೆಗೂ ಹಿಂಗೇ ಇದ್ರೆ ಮತ್ತೆ ಆಸ್ಪತ್ರೆಗೆ ಸೇರಿಸೋಣ" ಎಂದು ಹೇಳಿ ಹೋದರು.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಮಾತಿದೆ. ಇಲ್ಲಿ ತಾಯಿ ಎದೆ ಬಿಗಿದುಕೊಂಡು ಕಾದಿದ್ದಳು, ಕೇಳುವವರಿರಲಿಲ್ಲ. ನೋಡಲು ಬಂದ ನೆರೆಯವರೆಲ್ಲ, "ಎಂಥಾ ಬಂಗಾರದಂಥ ಮಗು, ಒಂದು ಸದ್ದಿಲ್ಲ! ದೇವರು ನಿಧಾನವಾಗಿ ಕೂತು ಮಾಡಿದಾನೆ" ಎಂದು ಹೊಗಳಿ ಹೊಗಳಿ ಹೋಗುತ್ತಿದ್ದರು. ನಮ್ಮೂರಲ್ಲಿ ಸದ್ದಿಲ್ಲ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವಲ್ಲ. ವೇಣಿಯ ಗಂಡ ಚಂದ್ರಪ್ಪ ಅವರಿಗೆಲ್ಲ ತಲೆಯಾಡಿಸಿ, ಬಾಗಿಲು ಹಾಕಿಕೊಂಡು ಬಂದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ತೊಟ್ಟಿಲಲ್ಲಿ ತಲೆಯ ಬದಿಗೆ ಮಗು, ಕಾಲ ಬದಿಗೆ ನನ್ನ ಗೊಂಬೆ. ವೇಣಿ ಅವೆರಡನ್ನೂ ನೋಡಿ, "ಅಕ್ಕಾ, ಎರಡೂ ಒಂದೇ ಥರ ಮಲಗಿದಾವೆ. ನಂಗೆ ಭಯ ಆಗ್ತಿದೆ. ಅಳು ಕೇಳೋ ಶಕ್ತಿ ಇಲ್ಲ ಅಂದಿದ್ದೆನಲ್ಲ, ಆ ಮಾತು ಯಾರು ಕೇಳಿಸ್ಕೊಂಡ್ರೋ" ಎಂದಳು.

ಮಕ್ಕಳು ಒಂದು ಅತ್ತರೆ ಇನ್ನೊಂದು ಅಳುತ್ತದೆ. ಇದನ್ನು ನಾನು ಬಸ್ಸಿನಲ್ಲಿ ನೂರು ಸಲ ನೋಡಿದ್ದೆ. ಹಿಂದಿನ ಸೀಟಿನ ಕೂಸು ಬಾಯಿ ತೆಗೆದರೆ ಮುಂದಿನ ಸೀಟಿನಲ್ಲಿ ಹಾಯಾಗಿ ಮಲಗಿದ್ದದ್ದೂ ಸೇರಿಕೊಳ್ಳುತ್ತದೆ. ಸರಿ, ಗೊಂಬೆಯನ್ನು ಅಳಿಸೋಣ ಎಂದುಕೊಂಡೆ. ಇನ್ನೊಂದು ಹುಬ್ಬು ಬರೆಯುವುದು ಬಾಕಿ ಇತ್ತಲ್ಲ, ಅದನ್ನು ಅವಸರದಲ್ಲಿ ಗೀಚಿಬಿಟ್ಟರೆ ಆಯಿತು. ಇಷ್ಟು ತಿಂಗಳ ಕೆಲಸ ಹಾಳಾದರೆ ಆಗಲಿ. ಕುಂಚ ಅದ್ದಿ ಕೂತೆ. ಈಗ ಗೀಚು, ಬೇಗ ಗೀಚು ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಕೇಳಬೇಕಲ್ಲ! ಕುಂಚದ ತುದಿ ಹಣೆಗೆ ತಾಗಿದ್ದೇ ತಡ, ಉಸಿರು ತಾನಾಗಿ ನಿಧಾನವಾಯಿತು, ಎಳೆ ಎಳೆಯಾಗಿ ಹುಬ್ಬು ಮೂಡತೊಡಗಿತು. ಒರೆಸಿದೆ, ಮತ್ತೆ ಬರೆದೆ. ಇನ್ನೂ ಚೆನ್ನಾಗಿ ಬಂತು. ಗೊಂಬೆ ಮೌನವಾಗಿ ನನ್ನನ್ನೇ ನೋಡುತ್ತಿತ್ತು. ಹುಟ್ಟಿದಾಗಿನಿಂದ ನನ್ನ ಜೊತೆಗಿದ್ದ ಅವಸರ ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು. ನಾನು ಅಲ್ಲೇ ಕೂತು ಅತ್ತೆ. ನನ್ನ ಅಳುವಿಗೂ ಮಗು ಏಳಲಿಲ್ಲ.

ಆಗ ಟ್ರಂಕು ನೆನಪಾಯಿತು.

ಎದ್ದವಳೇ ಓಡಿದೆ. ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಒಬ್ಬ ಅಜ್ಜ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಯೋಚಿಸುತ್ತಿದ್ದ. ಅವನನ್ನು ಅನಾಮತ್ತಾಗಿ ಒಳಕ್ಕೆ ಸೇರಿಸಿ, "ಗುರುಸಿದ್ದ, ರೈಟ್, ರೈಟ್!" ಎಂದು ಕೂಗಿದೆ. ಅವನು ನನ್ನ ಮುಖ ನೋಡಿ ಗಾಡಿ ಎತ್ತಿದ. ನಮ್ಮ ಮನೆಯವರೆಗೆ ನಡುವೆ ಎಲ್ಲೂ ನಿಲ್ಲಿಸಲಿಲ್ಲ, ಇಳಿಯಬೇಕಾದವರೂ ಕೇಳಲಿಲ್ಲ. ಕಂಬಳಿಯಿಂದ ಗೊಂಬೆ ತೆಗೆದು, ಎರಡೂ ತೋಳಿನಿಂದ ಎದೆಗೊತ್ತಿಕೊಂಡು ಅದೇ ಬಸ್ಸಿನಲ್ಲಿ ಮರಳಿದೆ. ದಾರಿಯುದ್ದ ಅದು ನನ್ನ ತೋಳಿನೊಳಗೆ ಗಪ್‌ಚಿಪ್ ಆಗಿತ್ತು. ಅದನ್ನು ಅಳಲು ಬಿಡಲಿಕ್ಕೆಂದೇ ಒಯ್ಯುತ್ತಿದ್ದೇನಲ್ಲ ಎಂದು ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಂಡೆ.

ವೇಣಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. "ಏನಕ್ಕಾ ಇದು?"

"ನಾನು ಮಾಡಿದ ಮೊದಲನೇದು. ಕಿವಿ ಮುಚ್ಕೋಬೇಡ, ತಡ್ಕೊ" ಎಂದೆ. ಮಗುವಿನ ಪಕ್ಕದಲ್ಲಿ ಅದನ್ನು ಮಲಗಿಸಿ, ಒಂದು ತೋಳು ಬಿಡಿಸಿಕೊಂಡೆ, ಇನ್ನೊಂದು ತೋಳು ಬಿಡಿಸಿಕೊಂಡೆ.

ಅತ್ತಿತು. ಅದು ಅತ್ತ ಹಾಗೆ ನಮ್ಮೂರಲ್ಲಿ ಯಾವ ಗೊಂಬೆಯೂ ಅತ್ತಿರಲಾರದು. ಉಸಿರಿಲ್ಲದ ಒಂದೇ ಎಳೆ, ಸೂರಿಗೆ ಹೋಗಿ ಮುಟ್ಟಿತು. ಹೊರಗೆ ಬೀದಿಯಲ್ಲಿ ಹೋಗುವವರು ನಿಂತರು. ಚಂದ್ರಪ್ಪ ಗೋಡೆಯಿಂದ ತಿರುಗಿದ. ಮಗು ಮಲಗಿಯೇ ಇತ್ತು. ನಾವು ಮೂವರೂ ಬಗ್ಗಿ ಅದರ ಮುಖವನ್ನೇ ನೋಡುತ್ತ ನಿಂತೆವು. ನಾನು ಅಷ್ಟು ತಿಂಗಳು ಕಲಿತದ್ದೆಲ್ಲ ಆಗ ಕೆಲಸಕ್ಕೆ ಬಂತು. ಹಣೆಯ ಪಕ್ಕದ ನರ ಮೊದಲು ಅಲುಗಿದ್ದು ನನಗೇ ಕಂಡಿತು. ಆಮೇಲೆ ಹುಬ್ಬು ಗಂಟಾಯಿತು. ಕೆಳದುಟಿ ನಡುಗಿ ಮುಂದಕ್ಕೆ ಬಂತು. ಬೆಕ್ಕಿನಮರಿ ಸೀನಿದಂಥ ಒಂದು ಸದ್ದು. ಗೊಂಬೆಯ ಅಳು ನಿಲ್ಲದೆ ಹರಿಯುತ್ತಲೇ ಇತ್ತು. ಅದರ ನಡುವೆ ಇನ್ನೊಂದು ಅಳು ಎದ್ದಿತು, ತೊದಲಿತು, ನಿಂತಿತು. ನಿಂತು, ಉಸಿರೆಳೆದುಕೊಂಡು, ಮತ್ತೆ ಎದ್ದಿತು.

"ಅಕ್ಕಾ, ಉಸಿರೆಳ್ಕೊಳ್ತಿದೆ! ಇದು ನಂದು, ನನ್ನ ಮಗೂದು!" ಎಂದು ವೇಣಿ ಕೂಗಿ, ಅದನ್ನು ಎತ್ತಿ ಎದೆಗಿಟ್ಟುಕೊಂಡಳು. ಕಣ್ಣು ಬಿಟ್ಟ ಮಗು ಸಿಟ್ಟಿನಿಂದ ತಲೆ ಆಚೀಚೆ ಆಡಿಸಿತು, ಹುಡುಕಿತು, ಸಿಕ್ಕಿತು. ಚೀಪುವ ಸದ್ದು ಕೇಳಿಸುವವರೆಗೆ ಚಂದ್ರಪ್ಪ ಉಸಿರು ಬಿಡಲಿಲ್ಲ.

ಅವಸರದಲ್ಲಿ ಬಂದದ್ದು ಅಳಲೇಬೇಕು, ಅದು ನಮ್ಮೂರಿನ ನಿಯಮ. ತಿಂಗಳು ತುಂಬದೆ ಓಡಿಬಂದ ಕೂಸಿಗೆ ಆ ನಿಯಮ ಹೇಳಿಕೊಡುವವರು ಬೇಕಾಗಿತ್ತು, ಅಷ್ಟೇ. ನಾನು ತೊಟ್ಟಿಲಿನಿಂದ ನನ್ನದನ್ನು ಎತ್ತಿಕೊಂಡು ವೇಣಿಯ ಪಕ್ಕದಲ್ಲೇ ಕೂತೆ, ಎರಡೂ ತೋಳಿನಿಂದ ಗಟ್ಟಿಯಾಗಿ ತಬ್ಬಿಕೊಂಡೆ. ಸುಮ್ಮನಾಯಿತು. ಅಕ್ಕತಂಗಿಯರಿಬ್ಬರೂ ಹೀಗೆ ಒಂದೊಂದನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತೇ ಇದ್ದೆವು.

ಮಾರನೆಯ ಬೆಳಿಗ್ಗೆ ನರ್ಸಮ್ಮ ಬಂದು ನೋಡಿ ಆಸ್ಪತ್ರೆಯ ಮಾತನ್ನೇ ಎತ್ತಲಿಲ್ಲ. ಮುಂದೆ ಕೆಲವು ದಿನ ಹಾಲಿನ ಹೊತ್ತಿಗೆ ಸರಿಯಾಗಿ ನಾನು ಮೊದಲನೆಯದನ್ನು ತೊಟ್ಟಿಲಿಗೆ ಇಳಿಸುತ್ತಿದ್ದೆ. ಆಮೇಲೆ ಅದರ ಅಗತ್ಯ ಬೀಳಲಿಲ್ಲ. ಈಗ ಆ ಹುಡುಗಿ ಬಾಯಿ ತೆಗೆದರೆ ನಮ್ಮ ಬಸ್ಸು ಹೇಗೂ ಯಾರಿಗೂ ಕೇಳಿಸದೆಂದು ಎರಡು ಸ್ಟಾಪ್ ಆಚೆಯಿಂದಲೇ ಹಾರನ್ ಮಾಡುವುದನ್ನು ಬಿಟ್ಟುಬಿಡುತ್ತದೆ. ಎರಡನೆಯ ಗೊಂಬೆಯ ಹಿಂದಲೆಗೂ ಕೂದಲು ಬಂತು, ನಿಧಾನವಾಗಿ.

ಮೊನ್ನೆ ಕೊನೇ ಸ್ಟಾಪಿನಲ್ಲಿ ತಿರುಮಲಜ್ಜಿ ಸಿಕ್ಕಿ, ನನ್ನ ಕೈಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. "ಕೈ ಬಂದಿದೆ ಕಣೇ. ಈಗ ಆ ಮೊದಲನೇದನ್ನ ಬಿಚ್ಚಿ ಸರಿ ಮಾಡ್ಬಹುದು. ಪಾಪ, ಎಷ್ಟು ದಿನ ಅಳುತ್ತೆ? ಯಾವಾಗ ಕೂರ್ತೀಯ?"

ಸಂಜೆ ಮನೆಗೆ ಹೋಗಿ, ಟ್ರಂಕು ತೆಗೆದು, ಅದನ್ನು ಎತ್ತಿಕೊಂಡು, ಗೋಡೆಯ ಮೇಲೆ ಬಿಸಿಲು ಕ್ಯಾಲೆಂಡರಿನಿಂದ ಕನ್ನಡಿಗೆ ಸರಿಯುವುದನ್ನು ನೋಡುತ್ತ ಕೂರುವುದನ್ನು ನೆನೆದುಕೊಂಡೆ.

"ಮಾಡಿದ್ರಾಯ್ತು ಬಿಡಜ್ಜಿ, ಏನವಸರ?" ಎಂದೆ.